ಮಾಳಿಗೆ ಮೇಲೆ ಆಂಟೆನಾ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ದೂರದರ್ಶನ 2016ರಲ್ಲಿ ಡಿಜಿಟಲ್ ಟವರ್ ಪ್ರಸಾರ ಶುರು ಮಾಡಿದ ನಗರಗಳಲ್ಲಿ ಬೆಂಗಳೂರೂ ಒಂದು. ಅದನ್ನು ಚಿಕ್ಕಬಳ್ಳಾಪುರದಲ್ಲಿ ಹಿಡಿಯಲು ನೋಡುವವರು ದಯವಿಟ್ಟು ಓದಿ. ಫ್ರೀ ಡಿಶ್ ಛತ್ರಿ ಇದಕ್ಕೆ ಆಗುವುದಿಲ್ಲ, ಅದು ಉಪಗ್ರಹದ್ದು. ಟವರ್ ಸಿಗ್ನಲ್ ಹಿಡಿಯುವ ಯುಹೆಚ್ಎಫ್ ಆಂಟೆನಾ ಬೇಕು, ಟಿವಿಯಲ್ಲಿ ಅಥವಾ ಸೆಟ್ ಟಾಪ್ ಬಾಕ್ಸಿನಲ್ಲಿ ಡಿವಿಬಿ-ಟಿ2 (ಈ ಡಿಜಿಟಲ್ ಪ್ರಸಾರವನ್ನು ಚಿತ್ರವಾಗಿಸುವ ಸೌಲಭ್ಯ) ಇರಬೇಕು. ಇಲ್ಲದಿದ್ದರೆ ಸುಮ್ನೆ ದುಡ್ಡು ದಂಡ.

ನಮಗೆ ದೊಡ್ಡ ತೊಂದರೆ ನಂದಿ ಬೆಟ್ಟದ ಸಾಲು. ಬೆಂಗಳೂರು ದಕ್ಷಿಣಕ್ಕಿದೆ, ಬೆಟ್ಟ ನಡುವೆ ಅಡ್ಡ ನಿಂತಿದೆ ಅಲ್ವಾ? ಅದರ ಮರೆಯಲ್ಲಿರುವ ಮನೆಗೆ ಬೂಸ್ಟರ್ (ಸಿಗ್ನಲ್ ಜೋರು ಮಾಡುವ ಪೆಟ್ಟಿಗೆ) ನಂಬಿಕೊಳ್ಳಬೇಡಿ. ಬಾರದ ಸಿಗ್ನಲ್ಲನ್ನು ಅದು ಹುಟ್ಟಿಸುವುದಿಲ್ಲ. ಮೊದಲು ಕಂಬ ಎತ್ತರಿಸಿ. ಹಳೇ ಟಿವಿಯ ಹಾಗೆ ಮಸುಕಾಗಿಯಾದರೂ ಬರುತ್ತದೆ ಅಂದುಕೊಳ್ಳಬೇಡಿ. ಸಿಗ್ನಲ್ ಸಾಲದಿದ್ದರೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತೇ ಹೋಗುತ್ತದೆ.

ಕರೆಂಟ್ ತಂತಿ ಹತ್ತಿರ ಕಂಬ ಎತ್ತಬೇಡಿ, ಒಬ್ಬರೇ ಅಂತೂ ಬೇಡವೇ ಬೇಡ.