ಹಲ್ಲು ಅಲುಗಾಡಿದರೆ ಸುಮ್ನೆ ಕೀಳಿಸಬೇಡಿ

ಸಂಪಾದಕರೇ,

ನಮ್ಮ ಹೊಸನಗರದ ಕಡೆ ಬಾಯಿ ಕ್ಯಾನ್ಸರ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಎಲೆ ಅಡಿಕೆ ಮಾತೇ. ಅಡಿಕೆ, ಹೊಗೆಸೊಪ್ಪಿನಿಂದ ಕ್ಯಾನ್ಸರ್ ಬರುವುದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ಅಕ್ಕ ಒಂದು ಹೋಳು ಅಡಿಕೆಯನ್ನೂ ಬಾಯಿಗೆ ಹಾಕಿದವಳಲ್ಲ. ಅವಳಿಗೆ ಬಂದದ್ದು ದವಡೆ ಮೂಳೆಯ ಒಳಗೆ, ಹಲ್ಲು ಹುಟ್ಟಿಸುವ ಜೀವಕೋಶಗಳಿಂದಲೇ ಬೆಳೆಯುವ ಕ್ಯಾನ್ಸರ್. ಅಮೆಲೋಬ್ಲಾಸ್ಟಿಕ್ ಕಾರ್ಸಿನೋಮ ಅಂತ ಅದರ ಹೆಸರು, ತೀರಾ ಅಪರೂಪದ್ದು. ಊರಿನವರು ಮಾತ್ರ ಕದ್ದು ಕವಳ ಹಾಕ್ತಿದ್ಲೇನೋ ಅಂದರು. ಆ ಮಾತು ಕೇಳಿ ಅವಳು ಅತ್ತಷ್ಟು ಆಪರೇಷನ್ ಆದಾಗಲೂ ಅಳಲಿಲ್ಲ.

ಶುರುವಾದದ್ದು 2 ವರ್ಷದ ಹಿಂದೆ, ಅಡಿಕೆ ಸುಲಿಯುವ ಕಾಲದಲ್ಲಿ. ಕೆಳಗಿನ ದವಡೆಹಲ್ಲು ಅಲುಗಾಡತೊಡಗಿತು, ಕೆನ್ನೆ ಸ್ವಲ್ಪ ಊದಿತ್ತು. ಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ಎಕ್ಸ್‌ರೇ ಕೂಡ ತೆಗೆಯದೆ ಹಲ್ಲು ಕಿತ್ತು, ಮಾತ್ರೆ ಕೊಟ್ಟು ಕಳಿಸಿದರು. ಗಾಯ ಮಾಯಲೇ ಇಲ್ಲ. ಒಂದು ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತು ಕಾಫಿ ಕುಡಿಯುತ್ತಿದ್ದಳು, ತುಟಿಯಿಂದ ಬಿಸಿ ಕಾಫಿ ಸೋರಿ ಸೀರೆ ಮೇಲೆ ಬೀಳುತ್ತಿದೆ, ಅವಳಿಗೆ ಗೊತ್ತೇ ಆಗಲಿಲ್ಲ! ಕೆಳತುಟಿಯ ಒಂದು ಬದಿ ಮರಗಟ್ಟಿತ್ತು. ಗಡ್ಡೆ ದವಡೆಯೊಳಗಿನ ನರದವರೆಗೂ ಹೋಗಿತ್ತು ಅಂತ ಬಯಾಪ್ಸಿ (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ), ಸಿಟಿ ಸ್ಕ್ಯಾನ್ ಎಲ್ಲ ಆದಮೇಲೆ ತಿಳಿಯಿತು. ಹುಳುಕು ಹಲ್ಲಿಗೆ ಸಾಮಾನ್ಯವಾಗಿ ತುಟಿ ಹೀಗೆ ಮರಗಟ್ಟುವುದಿಲ್ಲ. ಆ ಒಂದು ಲಕ್ಷಣ ನಮಗೆ ಮೊದಲೇ ಗೊತ್ತಿದ್ದರೆ ಅಷ್ಟು ತಿಂಗಳು ಸುಮ್ನೆ ಕೂರುತ್ತಿರಲಿಲ್ಲ ಅಲ್ವಾ?

ಇದಕ್ಕೆ ಮುಖ್ಯ ಚಿಕಿತ್ಸೆ ಆಪರೇಷನ್ನೇ. ಅಕ್ಕನ ಅರ್ಧ ದವಡೆ ತೆಗೆದು, ಕಾಲಿನ ಮೂಳೆ ಕತ್ತರಿಸಿ ಅಲ್ಲಿ ಕೂರಿಸಿದ್ದಾರೆ. ಈಗ ಮೆತ್ತಗಿನ ಅನ್ನ ತಿನ್ನುತ್ತಾಳೆ, ಮಾತೂ ತಿಳಿಯುತ್ತದೆ. ಆದರೆ ಈ ಜಾತಿಯ ಗಡ್ಡೆ ವರ್ಷಗಳಾದ ಮೇಲೂ ಮರುಕಳಿಸಬಹುದು, ಶ್ವಾಸಕೋಶಕ್ಕೂ ಹರಡಬಹುದು. ಹಾಗಾಗಿ ತಪಾಸಣೆ ತಪ್ಪಿಸುವ ಹಾಗಿಲ್ಲ.

ನಾನು ಕೇಳುವುದು ಇಷ್ಟೇ. ಪೂರ್ತಿ ದವಡೆ ಒಂದೇ ಚಿತ್ರದಲ್ಲಿ ಕಾಣುವ ಓಪಿಜಿ ಎಕ್ಸ್‌ರೇ ಯಂತ್ರವನ್ನು ಮಲೆನಾಡಿನ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಸರ್ಕಾರ ಕೊಡಬೇಕು. ಕಾರಣವಿಲ್ಲದೆ ಹಲ್ಲು ಸಡಿಲವಾಗಿದ್ದರೆ, ದವಡೆ ಊದಿದ್ದರೆ, ಕೀಳುವ ಮೊದಲು ಆ ಎಕ್ಸ್‌ರೇ ಆಗಬೇಕು. ಅನುಮಾನ ಬಂದರೆ ಒಂದು ಚೂರು ಬಯಾಪ್ಸಿಗೆ ಹೋಗಬೇಕು. ನಿಮ್ಮ ಆರೋಗ್ಯ ಪುಟದಲ್ಲೂ ದಯವಿಟ್ಟು ಇದನ್ನು ಬರೆಯಿರಿ, ನಮ್ಮೂರಲ್ಲಿ ಪೇಪರ್ ಓದುವವರು ಇನ್ನೂ ತುಂಬಾ ಜನ ಇದ್ದಾರೆ.

– ಒಬ್ಬ ಓದುಗ, ಹೊಸನಗರ ತಾಲ್ಲೂಕು