ಕೆಂಪಕ್ಷರದ ‘ಗೌಪ್ಯ’

ಮಾನ್ಯರೇ,

ಪಿಂಚಣಿದಾರರ ವಿವರಗಳು ಪಿಂಚಣಿ ಕಚೇರಿಯ ಕೌಂಟರಿನಲ್ಲೇ ಬಯಲಾಗುತ್ತಿವೆ ಎಂಬ ಮೊನ್ನೆಯ ವರದಿಗೆ ‘ಅಂಥದ್ದೇನೂ ಆಗಿಲ್ಲ’ ಎಂದು ಅಧಿಕಾರಿಗಳು ಸ್ಪಷ್ಟನೆ ಕೊಟ್ಟಿದ್ದಾರೆ. ಆಗಿದೆ. ನಿನ್ನೆ ನನಗೇ ಆಗಿದೆ.

ತಾಯಿಯ ಪಿಂಚಣಿ ನಿಂತು ಮೂರು ತಿಂಗಳಾಯಿತು. ಆಟಿಯ ಮಳೆಯಲ್ಲಿ ಸುರತ್ಕಲ್‌ನಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದವರೆಗೆ ಬಸ್ಸಿನಲ್ಲಿ ನಿಂತೇ ಬಂದೆ. ಅರ್ಧ ದಿನದ ರಜೆ ಹೋಯಿತು, ಕೊಡೆಯೂ ಬಸ್ಸಿನಲ್ಲೇ ಉಳಿಯಿತು. ‘ಸರ್ವರ್ ಇಲ್ಲ’ ಎಂದು ಒಂದೂವರೆ ಗಂಟೆ ಕಾಯಿಸಿದರು. ಸರ್ವರ್ ಬಂದಾಗ ಗುಮಾಸ್ತರು ಮಾನಿಟರಿನ ಅಂಚಿಗೆ ಅಂಟಿಸಿದ್ದ ಹಳದಿ ಚೀಟಿ ನೋಡಿ ಮೇಲಧಿಕಾರಿಯ ಪಾಸ್‌ವರ್ಡ್ ಒತ್ತಿದರು. ನನಗೆ ಕಾಣಲೆಂದು ಪರದೆಯನ್ನು ತಿರುಗಿಸಿದರು. ಬೆನ್ನ ಹಿಂದೆ ನಿಂತಿದ್ದ ಅಪರಿಚಿತರೊಬ್ಬರು ವೈದ್ಯಕೀಯ ಪ್ರಮಾಣಪತ್ರವನ್ನು ಪೂರ್ತಿ ಓದಿ, ‘ಅಮ್ಮನಿಗೆ ಮರೆವಿನ ಕಾಯಿಲೆಯಾ? ಪಾಪ’ ಎಂದರು. ನೆಂಟರಿಗೂ ಹೇಳಿರದ ವಿಷಯವದು. ಇದೇನೆಂದು ಕೇಳಿದರೆ ಗುಮಾಸ್ತರು ಪರದೆಯ ಮೇಲ್ಭಾಗಕ್ಕೆ ಬೆರಳು ತೋರಿಸಿದರು: ‘ಗೌಪ್ಯ ಎಂದು ಕೆಂಪಕ್ಷರದಲ್ಲಿ ಬರೆದಿದೆಯಲ್ಲ ಸರ್!’

ಬರೆದಿತ್ತು, ಸುಳ್ಳಲ್ಲ. ನಾನೂ ಡೇಟಾಬೇಸ್ ಕೆಲಸದಲ್ಲೇ ಕೂದಲು ನರೆಸಿಕೊಂಡವನು. ಡೇಟಾಬೇಸ್ ನಡೆಸುವ ತಂತ್ರಾಂಶವಾದ ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಲ್ಲಿ 2011ರ 9.1ನೇ ಆವೃತ್ತಿಯಿಂದಲೂ ‘ಸೆಕ್ಯುರಿಟಿ ಲೇಬಲ್’ ಎಂಬ ಆದೇಶವಿದೆ. ಅದರ ಕೆಲಸ ಚೀಟಿ ಅಂಟಿಸುವುದಷ್ಟೆ. ಚೀಟಿ ಓದಿ ಬಾಗಿಲು ಹಾಕುವುದಕ್ಕೆ ಬೇರೆ ಮಾಡ್ಯೂಲ್ (ಹೆಚ್ಚುವರಿ ತಂತ್ರಾಂಶ) ಕೂರಿಸಬೇಕು; ಲಿನಕ್ಸ್‌ನ ಭದ್ರತಾ ವ್ಯವಸ್ಥೆಯಾದ ಎಸ್‌ಇಲಿನಕ್ಸ್‌ನ ನೀತಿಯನ್ನು ಕೇಳಿ ನಡೆಯುವ ‘ಎಸ್‌ಇಪಿಜಿಎಸ್‌ಕ್ಯೂಎಲ್’ ಅಂಥದ್ದು. ಅದಿದ್ದರೆ ಕಾಯಿಲೆಯ ವಿವರವಿರುವ ಒಂದೇ ಒಂದು ಕಾಲಂಗೂ ಕಾವಲು ಇಡಬಹುದು. ಟೇಬಲ್ಲಿನ ಒಡೆಯನೇ ‘ಇರಲಿ, ನೋಡಿಕೊಳ್ಳಲಿ’ ಎಂದು ಅನುಮತಿ ಕೊಟ್ಟರೂ ನಡೆಯುವುದಿಲ್ಲ, ಕಡ್ಡಾಯ ನಿಯಂತ್ರಣ ಎನ್ನುವುದು ಅದಕ್ಕೇ. ದಾಕ್ಷಿಣ್ಯಕ್ಕೆ ಅಲ್ಲಿ ಜಾಗವಿಲ್ಲ. ನಮ್ಮ ಕಚೇರಿಗಳಿಗೆ ಒಗ್ಗದಿರುವುದೂ ಬಹುಶಃ ಅದಕ್ಕೇ! ಕೆಳಗಿನ ದರ್ಜೆಯವರು ಮೇಲಿನ ದರ್ಜೆಯ ಗುಟ್ಟನ್ನು ಓದಬಾರದು, ಮೇಲಿನದನ್ನು ಕೆಳಕ್ಕೆ ಇಳಿಸಿ ಬರೆಯಬಾರದು ಎಂಬ ನಿಯಮವನ್ನು ಬೆಲ್ ಮತ್ತು ಲಾಪಡುಲಾ ಎಂಬ ಸಂಶೋಧಕರು ಅಮೆರಿಕದ ವಾಯುಪಡೆಗಾಗಿ 1973ರಲ್ಲೇ ಗಣಿತದಲ್ಲಿ ಬರೆದುಕೊಟ್ಟಿದ್ದರು. ಇಲ್ಲಿ ಓದುವುದಕ್ಕೆ ಹಳದಿ ಚೀಟಿಯಿದೆ, ಇಳಿಸುವುದಕ್ಕೆ ವಾಟ್ಸ್‌ಆ್ಯಪ್ ಗುಂಪಿದೆ. ಪಾಸ್‌ವರ್ಡನ್ನೇ ತೋರಣ ಕಟ್ಟಿದ ಮೇಲೆ ಯಾವ ಮಾಡ್ಯೂಲ್ ತಾನೇ ಏನು ಮಾಡೀತು, ಅದು ಬೇರೆ ಮಾತು.

‘ಶೀಘ್ರದಲ್ಲೇ ಪರಿಶೀಲಿಸುತ್ತೇವೆ’ ಎಂದಿದ್ದಾರಂತೆ ಅಧಿಕಾರಿಗಳು. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ 2020ರಲ್ಲಿ ತೆರೆಯುವ ತನಕ ಇದೇ ‘ಶೀಘ್ರ’ವನ್ನು ಎಷ್ಟು ವರ್ಷ ಕೇಳಿದೆವು! ಕಳೆದ ವರ್ಷ ತಾಯಿಯ ಹೆಸರಿನಲ್ಲಿ ಇದೇ ಕಚೇರಿಯವರು ಮಾಡಿದ ಒಂದಕ್ಷರದ ತಪ್ಪನ್ನು ತಿದ್ದಿಸಲು ನಾಲ್ಕು ಸಲ ಅಲೆದೆ. ಆಗ ಮಾತ್ರ ‘ನಮಗೆ ಅಧಿಕಾರವಿಲ್ಲ’. ನೋಡಲು ಊರಿಗೆಲ್ಲ ಅಧಿಕಾರ, ತಿದ್ದಲು ಯಾರಿಗೂ ಇಲ್ಲ.

ಸಂಬಂಧಪಟ್ಟವರು ಸಾಫ್ಟ್‌ವೇರನ್ನಾದರೂ ಸರಿಪಡಿಸಲಿ, ಇಲ್ಲವೇ ಆ ಮಾನಿಟರನ್ನಾದರೂ ಗೋಡೆಯ ಕಡೆಗೆ ತಿರುಗಿಸಿಡಲಿ. ಕಚೇರಿಯೆದುರು ಚರಂಡಿಯ ಮೇಲೆ ಎದ್ದು ನಿಂತಿರುವ ಚಪ್ಪಡಿಯನ್ನೂ ಒಮ್ಮೆ ನೋಡಲಿ. ನಿನ್ನೆ ಎಡವಿದ ಕಾಲು ಇನ್ನೂ ನೋಯುತ್ತಿದೆ. ಅಂದ ಹಾಗೆ, ತಾಯಿಯ ಕೆಲಸ ಆಗಲಿಲ್ಲ. ಮೇಲಧಿಕಾರಿಯೇ ಒಪ್ಪಿಗೆ ಕೊಡಬೇಕಂತೆ, ಅವರು ರಜೆಯಂತೆ, ಸೋಮವಾರ ಬರಬೇಕಂತೆ.

– ನೊಂದ ನಾಗರಿಕ, ಸುರತ್ಕಲ್