ಕೋಳಿಮರಿಗೆ ಒಂದು ಬಾಂಡ್ಲಿ ಮಣ್ಣು ಇಡಿ ಅಂತಾನೂ ಬರೀರಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಮನೆ ಮಟ್ಟಿಗೆ ಕೋಳಿ ಸಾಕೋದರ ಬಗ್ಗೆ ಬಂದಿದ್ದ ಲೇಖನ ಓದಿದೆ, ಚೆನ್ನಾಗಿತ್ತು, ಕಾವಿಗೆ ಬಲ್ಬು, ಫೀಡು, ನೀರು, 7ನೇ ದಿನ ಲಸೋಟ ಲಸಿಕೆ, 14ನೇ ದಿನ ಗಂಬೋರೊ ಲಸಿಕೆ, ಎಲ್ಲಾ ಇತ್ತು. ಮಣ್ಣಿನ ಬಗ್ಗೆ ಮಾತ್ರ ಒಂದಕ್ಷರ ಇಲ್ಲ. ನಮಗೆ ಮರಿ ಕೊಟ್ಟೋರೂ ಹೇಳ್ಲಿಲ್ಲ, ನಾನು ಹೋಗಿದ್ದ ಒಂದು ದಿನದ ಟ್ರೈನಿಂಗಲ್ಲೂ ಹೇಳ್ಲಿಲ್ಲ. ಹೊರಳಾಡೋಕೆ ಒಣ ಮಣ್ಣು ದೊಡ್ಡ ಕೋಳಿಗಷ್ಟೇ ಅಲ್ಲ ಮರಿಗಳಿಗೂ ಬೇಕು ಅಂತ ನಾನು ಪೇಚಾಡಿ ಕಲಿತಿದ್ದು, ಅದಕ್ಕೇ ಬರೀತಿದೀನಿ, ಉದ್ದ ಆದ್ರೆ ಕತ್ತರಿಸ್ಕೊಳ್ಳಿ.

ನಮ್ದು ತುಮಕೂರಲ್ಲಿ 30-40 ಸೈಟಿನ ಮನೆ, ಗೇಟಿಂದ ಹಿತ್ತಲ ಗೋಡೆವರೆಗೂ ಸಿಮೆಂಟೇ, ಒಂದು ಕರಿಬೇವಿನ ಗಿಡ ಇದೆ ಅದೂ ಕುಂಡದಲ್ಲಿ. 12 ಗಿರಿರಾಜ ಮರಿ ತಂದ್ವಿ, ಅದೇ ಬೆಂಗಳೂರು ಹೆಬ್ಬಾಳದ ವೆಟರ್ನರಿ ಕಾಲೇಜಿನೋರು ಮಾಡಿದ ತಳಿ. ಮೂರು ವಾರ, ಹೇನು ಬಿಟ್ರೆ, ಏನೂ ತೊಂದ್ರೆ ಇರ್ಲಿಲ್ಲ. ಒಂದಿನ ಮಧ್ಯಾಹ್ನ ನೋಡ್ತೀನಿ, ಒಂದು ಮರಿ ಫೀಡ್ ಟ್ರೇ ಒಳಗೇ ಮಗ್ಗುಲಾಗಿ ಬಿದ್ಕೊಂಡಿದೆ, ಒಂದು ರೆಕ್ಕೆ ಅಗಲಕ್ಕೆ ಬಿಟ್ಕೊಂಡು ಕಾಲು ಝಾಡಿಸ್ತಿದೆ, ಕತ್ತನ್ನ ಫೀಡಿಗೆ ಉಜ್ತಿದೆ, ಕಣ್ಣು ಅರ್ಧ ಮುಚ್ಚಿದೆ. ಕೊಕ್ಕರೆ ರೋಗದಲ್ಲಿ ಕತ್ತು ತಿರುಚ್ಕೊಳುತ್ತೆ ಅಂತ ಕೇಳಿದ್ನಲ್ಲ, ಮುಗೀತು ಕಥೆ ಅಂದ್ಕೊಂಡು ಎತ್ಕೊಂಡು ಬಾಯಿಗೆ ನೀರು ಬಿಡೋಕೆ ಹೋದ್ರೆ ಅದು ಕೈಯಿಂದ ಕಿತ್ಕೊಂಡು ಓಡಿಹೋಗಿ ಮತ್ತೆ ಅದೇ ಟ್ರೇಲಿ ಬಿತ್ತು, ಅಷ್ಟೊತ್ತಿಗೆ ಇನ್ನೆರಡು ಅದರ ಜೊತೆ ಸೇರ್ಕೊಂಡಿದ್ವು. ಕಾಸು ಕೊಟ್ಟು ತಂದ ಫೀಡೆಲ್ಲಾ ನೆಲದ ಪಾಲು. ನಮ್ಮತ್ತೆ ಕುಣಿಗಲ್ ಕಡೆಯೋರು, ಬಾಗಿಲಲ್ಲಿ ನಿಂತು ನಗ್ತಿದ್ರು. "ರೋಗ ಎಲ್ ಬಂತಮ್ಮ ಅದಕ್ಕೆ, ಮಣ್ಣು ಸಿಕ್ದೆ ತಿನ್ನೋದ್ರಲ್ಲೇ ಹೊಳ್ಳಾಡ್ತಾವೆ. ನಮ್ಮೂರಲ್ಲಿ ತಿಪ್ಪೆ ಪಕ್ಕ ಬೂದಿಗುಂಡಿ ಇರ್ತಿತ್ತು, ಇಲ್ಲಿ ಏನೈತೆ ಸಿಮೆಂಟು ಬಿಟ್ರೆ" ಅಂದ್ರು.

ಆಮೇಲೆ ನಮ್ಮ ಪಶು ಆಸ್ಪತ್ರೆ ಡಾಕ್ಟ್ರನ್ನ ಕೇಳ್ದಾಗ ಅವರೂ ಅದನ್ನೇ ಹೇಳಿದ್ರು. ಕೋಳಿಗೆ ಬಾಲದ ಬುಡದಲ್ಲಿ ಎಣ್ಣೆ ಗ್ರಂಥಿ ಇರುತ್ತೆ, ಕೊಕ್ಕಲ್ಲಿ ಆ ಎಣ್ಣೆ ತಗೊಂಡು ಪುಕ್ಕಕ್ಕೆಲ್ಲಾ ಹಚ್ಕೊಳುತ್ತೆ, ಅದು ಹಳೇದಾಗಿ ಜಿಡ್ಡಾದಾಗ ಒಣ ಧೂಳು ಅದನ್ನ ಹೀರ್ಕೊಂಡು, ಮೈ ಕೊಡವಿದಾಗ ಉದುರಿಹೋಗುತ್ತೆ, ಹೇನು ನುಸಿಗೂ ಅಲ್ಲಿ ಆರಾಮಾಗಿರೋಕೆ ಆಗಲ್ಲ. ಇದನ್ನ ತಾಯಿಕೋಳಿ ಹೇಳ್ಕೊಡಬೇಕು ಅಂತಿಲ್ಲ, ಬಲ್ಬಿನ ಕೆಳಗೆ ಬೆಳೆದ ಮರಿನೂ ತಾನಾಗೇ ಮಾಡುತ್ತೆ. ಮಣ್ಣೇ ಇಲ್ಲದ ತಂತಿ ಪಂಜರದಲ್ಲಿರೋ ಮೊಟ್ಟೆ ಕೋಳಿಗಳು ಬರೀ ತಂತಿ ಮೇಲೇ ಹೊರಳಾಡೋ ಹಂಗೆ ಆಡ್ತವಂತೆ, ಕೇಳಿ ಹೊಟ್ಟೆ ಚುರುಕ್ ಅಂತು. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ ಆ ಥರ ಬೋಳು ಪಂಜರ 2012ರಿಂದ ಬ್ಯಾನ್ ಆಗಿದೆ. ಅಲ್ಲಿಯ ಮಾತು ಇರ್ಲಿ, ನಮ್ಮ ಅಂಗಳಕ್ಕೆ ಬರ್ತೀನಿ.

ಮನೆ ಕಟ್ಟಿದಾಗ ಉಳಿದಿದ್ದ ಗಾರೆ ಬಾಂಡ್ಲಿ ಒಂದು ಮೂಲೇಲಿತ್ತು. ಅದು ಅಗಲ ಇರುತ್ತೆ, ಆಳ ಕಮ್ಮಿ, ಮರಿ ಹತ್ತಿ ಇಳಿಯೋಕೆ ಪಕ್ಕದಲ್ಲಿ ಒಂದು ಇಟ್ಟಿಗೆ ಇಟ್ರೆ ಸಾಕು. ಅದಕ್ಕೆ ಮೂರು ಪಾಲು ಕೆಮ್ಮಣ್ಣು, ಒಂದು ಪಾಲು ಬೂದಿ, ಒಣಗಿದ ಬೇವಿನ ಸೊಪ್ಪು ಕೈಯಲ್ಲಿ ಪುಡಿ ಮಾಡಿ ಎರಡು ಹಿಡಿ. ಮಣ್ಣನ್ನ ಜರಡಿ ಹಿಡಿದು ಎರಡು ದಿನ ತಾರಸಿ ಬಿಸಿಲಲ್ಲಿ ಹರಡಿದ್ದೆ. ಔಷಧಿ ಹೊಡೆಯೋ ತೋಟದ ಮಣ್ಣು ಮಾತ್ರ ತರಬೇಡಿ, ಮರಿಗಳು ಹೊರಳಾಡ್ತಾ ಅದನ್ನೇ ಕುಕ್ಕಿ ತಿಂತವೆ. ಹುತ್ತದ ಮಣ್ಣು ಎಷ್ಟು ನುಣ್ಣಗಿರುತ್ತೆ, ತರೋಣ ಅಂದೆ, ನಮ್ಮತ್ತೆ ನೋಡಿದ ನೋಟಕ್ಕೆ ಸುಮ್ನಾದೆ.

ಬೂದಿದೇ ದೊಡ್ಡ ಕಥೆ. ಎಲ್ಲರ ಮನೇಲೂ ಗ್ಯಾಸು, ಬೂದಿ ಎಲ್ಲಿಂದ ತರೋದು? ಬಿರಿಯಾನಿ ಹೋಟೆಲ್ ಒಂದರಲ್ಲಿ ಸೌದೆ ಒಲೆ ಇದೆ ಅಂತ ನಮ್ಮನೆಯವ್ರು ಒಂದು ಚೀಲ ತಂದ್ರು (ಕೋಳಿ ಸಾಕೋಕೆ ಬಿರಿಯಾನಿ ಹೋಟೆಲ್ ಬೂದಿ, ಮರಿಗಳಿಗೆ ಹೇಳಿಲ್ಲ), ನೋಡಿದ್ರೆ ಅದ್ರಲ್ಲಿ ಸುಟ್ಟ ಪ್ಲಾಸ್ಟಿಕ್ ಕವರಿನ ಚೂರು, ಎಲ್ಲಾ ಚೆಲ್ಲಿದೆ. ಕೊನೆಗೆ ಬೀದಿ ಕೊನೇಲಿ ಇಸ್ತ್ರಿ ಗಾಡಿಯವರು ಇದ್ದಿಲ ಬೂದಿ ಕೊಟ್ರು, "ಪಾತ್ರೆ ತೊಳಿಯೋಕಾ ಮೇಡಂ" ಅಂತ ಕೇಳಿ ವಿಷಯ ಗೊತ್ತಾದ್ಮೇಲೆ ಈಗ ವಾರಕ್ಕೊಂದ್ಸಲ ಅವರೇ ಕೂಗಿ ಕೊಡ್ತಾರೆ. ಪೂರ್ತಿ ಆರಿದ ಬೂದಿನೇ ಹಾಕಿ, ಒಳಗೆ ಒಂದು ಕೆಂಡ ಇದ್ರೂ ಕಷ್ಟ.

ಬಾಂಡ್ಲಿ ಇಟ್ಟ ಮೊದಲ ದಿನ ಒಂದೂ ಹತ್ತಿರ ಬರ್ಲಿಲ್ಲ. ಎರಡನೇ ದಿನ ಬಿಸಿಲು ಬಂದ ಮೇಲೆ ಒಂದು ಯಾಟೆ ಮರಿ (ಹೆಣ್ಣು ಮರಿ) ಬಂತು, ಕುಕ್ಕಿ ನೋಡ್ತು, ಕೆರೀತು, ಕೂತ್ಕೊಂಡು ಪುಕ್ಕ ಎಲ್ಲಾ ಉಬ್ಬಿಸ್ತು, ಕೊಕ್ಕಲ್ಲಿ ಮಣ್ಣನ್ನ ಎದೆ ಹತ್ರ ಎಳ್ಕೊಂಡು ರೆಕ್ಕೇಲಿ ಬೆನ್ನ ಮೇಲೆ ಎರಚ್ಕೊಳೋಕೆ ಶುರು ಮಾಡ್ತು ನೋಡಿ, ಅರ್ಧ ಗಂಟೆಲಿ ಬಾಂಡ್ಲಿಲಿ ಐದು ಮರಿ ಒಂದರ ಮೇಲೊಂದು. ಆಮೇಲೆ ಎದ್ದು ಮೈ ಕೊಡವಿದ್ರೆ ಒಗೆದ ಬಟ್ಟೆಯೆಲ್ಲಾ ಕೆಂಪು. ತಂತಿ ದೂರ ಕಟ್ಕೊಳ್ಳಿ.

ಎರಡು ಅಂಗುಲ ಮಣ್ಣು ಮರಿಗಳಿಗೆ ಸಾಕು, ಎರಡು ತಿಂಗಳಾದ್ಮೇಲೆ ಹಳೇ ಲಾರಿ ಟೈರ್ ಮಲಗಿಸಿ ಅರ್ಧ ಅಡಿ ತುಂಬಿದೀವಿ. ತೀರಾ ಒಂದೆರಡು ದಿನದ ಮರಿಗೆ ಇಡಬೇಡಿ, ಅದಕ್ಕೆ ಫೀಡ್ ಯಾವುದು ಮಣ್ಣು ಯಾವುದು ಗೊತ್ತಾಗಲ್ಲ, ತಿನ್ನೋದು ಕಲೀಲಿ, 2ನೇ ವಾರದಲ್ಲಿ ಇಡಿ. ಹಿಕ್ಕೆ ದಿನಾ ತೆಗೀರಿ.

ಒಂದ್ಸಲ ಎಡವಟ್ಟಾಯ್ತು. ಮೇ ತಿಂಗಳು, ನಾವು ಮದುವೆಗೆ ಹೋಗಿದ್ವಿ, ಸಂಜೆ ಮಳೆ ಬಂದು ಬಾಂಡ್ಲಿ ಕೆಸರಾಗಿದೆ, ಮರಿಗಳು ಅದ್ರಲ್ಲೇ ಓಡಾಡಿ ಪಾದ ಕೆಂಪಾಗಿತ್ತು. ಬೂದಿ ನೀರು ಸೋಪಿನ ಥರ ಕ್ಷಾರ ಅಲ್ವಾ, ಚರ್ಮಕ್ಕೆ ಉರಿ, ಹಿಂದೆ ಅದರಲ್ಲೇ ಬಟ್ಟೆ ಒಗೀತಿದ್ರು. ಅದೂ ಅಲ್ದೆ ಒದ್ದೆ ಮಣ್ಣಲ್ಲೇ ರಕ್ತಭೇದಿ ಹರಡೋದು. ಕಾಲು ತೊಳೆದು ಒರೆಸಿ, ಮಣ್ಣೆಲ್ಲಾ ಚೆಲ್ಲಿ ಹೊಸದು ಹಾಕಿದೆ, ಈಗ ಮೇಲೊಂದು ಶೀಟ್ ಇದೆ.

ಇಷ್ಟೆಲ್ಲಾ ಯಾಕೆ ಹೇಳ್ದೆ ಅಂದ್ರೆ, ಮಣ್ಣು ಇಡೋಕೂ ಮುಂಚೆ ಮರಿ ಮೈಮೇಲೆ ಹೇನು ಕಂಡಾಗ ಅಂಗಡಿಯವರೊಬ್ರು ನಾಯಿಗೆ ಹಾಕೋ ಪೌಡರ್ ಕೊಟ್ಟು ಉಜ್ಜಿ ಅಂದಿದ್ರು, ಡಬ್ಬಿ ಮೇಲೆ ಇರೋದೆಲ್ಲಾ ಇಂಗ್ಲಿಷು, ಅದೂ ಇರುವೆ ಕಾಲಿನಷ್ಟು ಅಕ್ಷರ. ಹಾಕೋಕೆ ಮುಂಚೆ ಡಾಕ್ಟ್ರನ್ನ ಕೇಳಿದ್ದಕ್ಕೆ ಬೇಡ ಅಂದ್ರು, ಮರಿಗಳು ಉಳೀತು. ಹೇನು ವಿಪರೀತ ಆದ್ರೆ ಔಷಧಿ ಬೇಕೇ ಆಗುತ್ತೆ, ಮಣ್ಣೇ ಎಲ್ಲಾ ಮಾಡುತ್ತೆ ಅಂತ ನಾನು ಹೇಳ್ತಿಲ್ಲ, ಆದ್ರೆ ಕಾಸಿಲ್ದೆ ಆಗೋ ಕೆಲಸಾನ ಮೊದ್ಲು ಹೇಳ್ಬೇಕಲ್ವಾ? ಹೆಣ್ಣುಮಕ್ಕಳ ಸಂಘಗಳಿಗೆ ಮರಿ ಹಂಚೋವಾಗ ಕೊಡೋ ಚೀಟಿಲಿ ಲಸಿಕೆ ದಿನಾಂಕದ ಕೆಳಗೆ, ಒಂದು ಬಾಂಡ್ಲಿ ಒಣ ಮಣ್ಣು ಇಡಿ ಅನ್ನೋ ಒಂದು ಸಾಲು ಸೇರಿಸಿದ್ರೆ ಸಾಕು.

ಇನ್ನೊಂದು ರಿಕ್ವೆಸ್ಟು. ನಮ್ಮ ಕಡೆ ಬಿಸಿಲಿದೆ, ಮಣ್ಣು ಒಣಗುತ್ತೆ. ತೀರ್ಥಹಳ್ಳಿ ಕಡೆ ಇರೋ ನನ್ನ ಫ್ರೆಂಡು ಮಳೆಗಾಲ ಪೂರ್ತಿ ಬಚ್ಚಲೊಲೆ ಬೂದಿನ ಸೂರಿನ ಕೆಳಗೆ ಹರಡ್ತಾಳಂತೆ, ಆದ್ರೂ ಜುಲೈನಲ್ಲಿ ಶೀತ ಹಿಡಿದು ಗಟ್ಟಿ ಆಗುತ್ತಂತೆ. ಮಲೆನಾಡು, ಕರಾವಳಿ ಓದುಗರು ಅಲ್ಲಿ ಮರಿಗಳಿಗೆ ಏನು ಮಾಡ್ತಾರೆ ಅಂತ ಬರೆದ್ರೆ ದಯವಿಟ್ಟು ಹಾಕಿ, ಅವಳು ಕಾಯ್ತಿದಾಳೆ.

ಇಂತಿ,
ನಿಮ್ಮ ಓದುಗಳು, ತುಮಕೂರು